ಒಂದು ಉದ್ಧರಣೆ ನೀರು

ಹೆದರುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ವಂಶದಲ್ಲೇ ಹುಟ್ಟಿಲ್ಲ. ಅದರಲ್ಲೂ ಕುಡಿಯುವ ನೀರೆಂದರೆ ನನಗೆ ಪ್ರಾಣಭಯ. ಮದುವೆಮನೆಯಲ್ಲಿ ಪಾಯಸವನ್ನು ಕೇಳಿ ಕೇಳಿ ಹಾಕಿಸಿಕೊಳ್ಳುವ ನಾನು, ಪಕ್ಕದ ಲೋಟದ ನೀರನ್ನು ಮಾತ್ರ ಬೆಳಕಿಗೆ ಹಿಡಿದು ನೋಡುತ್ತೇನೆ. “ಎಕ್ಸ್‌ರೇ ಮುಗೀತೇನ್ರೀ?” ಎನ್ನುತ್ತಾಳೆ ಹೆಂಡತಿ ಸುಧಾ.

ಇಂಥವನ ಪಾಲಿಗೆ ವಡೋದರಾದ ಪ್ರವಾಹ ಬಂತು. ನದಿ ಉಕ್ಕಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ನುಗ್ಗಿ, ನೆಲದಡಿಯ ತೊಟ್ಟಿಗೂ ಇಳಿಯಿತು. ಕರೆಂಟು ಹೋಗುವ ಮೊದಲು ಯಾರೋ ಪುಣ್ಯಾತ್ಮರು ಪಂಪ್ ಹಾಕಿ ಆ ನೀರನ್ನೇ ಮೇಲಿನ ಟ್ಯಾಂಕಿಗೂ ಏರಿಸಿದ್ದರು. ಎಲ್ಲರ ಮನೆಯ ಫಿಲ್ಟರುಗಳು ಗೋಡೆಯ ಮೇಲೆ ಸುಮ್ಮನೆ ಕೂತಿದ್ದವು. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿರುವುದರಿಂದ ಇಲ್ಲಿ ನಾನು ‘ಸೈಂಟಿಸ್ಟ್ ಅಂಕಲ್’. ಅಲ್ಲಿ ನಾನು ನೋಡುವುದು ರಜೆ ಅರ್ಜಿಗಳನ್ನು ಎಂದು ಹೇಳುವ ಸಂದರ್ಭ ಇಷ್ಟು ವರ್ಷದಲ್ಲಿ ಒದಗಿಲ್ಲ. ಹಾಗಾಗಿ ನೀರಿನ ವಿಚಾರಕ್ಕೆ ಎಲ್ಲರೂ ನನ್ನ ಬಾಗಿಲಿಗೇ ಬಂದರು.

ನನಗೆ ನಿಜವಾಗಿ ಜೀವ ಹಾರಿದ್ದು ಮೇಲಿನ ಮನೆಯ ಕಿಂಜಲ್ ಬಂದಾಗ. ಕೈಯಲ್ಲಿ ಪುಡಿಹಾಲು ಕುಡಿಯುವ ಎಳೆ ಮಗು. ಸೂರತ್‌ಗೆ ಹೋದ ಗಂಡ ಅಲ್ಲೇ ಸಿಕ್ಕಿಬಿದ್ದಿದ್ದ, ಮನೆಯಲ್ಲಿ ಗ್ಯಾಸ್ ಮುಗಿದಿತ್ತು. ಮಗುವಿಗೆ ಭೇದಿ ಹತ್ತಿದರೆ ಎದೆಮಟ್ಟದ ನೀರಲ್ಲಿ ಆಸ್ಪತ್ರೆಗೆ ಹೋಗುವುದು ಹೇಗೆ? ಅಂದಿನಿಂದ ನಾನೇ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ, ಮುಚ್ಚಿ ಆರಿಸಿ ಕೊಡುತ್ತಿದ್ದೆ. ಜೊತೆಗೆ ನನ್ನ ಹರಕುಮುರುಕು ಹಿಂದಿಯಲ್ಲಿ ಉಪದೇಶ: “ಯಾರೇ ಕೊಡಲಿ, ಕುದಿಸಿದ್ದಾ ಅಂತ ಕೇಳದೆ ಮಗು ಬಾಯಿಗೆ ಒಂದು ಹನಿಯೂ ಹಾಕಬೇಡಮ್ಮಾ.” ಕೊನೆಕೊನೆಗೆ ನನ್ನನ್ನು ಕಂಡರೆ ಆ ಹುಡುಗಿ ತಾನೇ ಮೊದಲು ತಲೆಯಾಡಿಸುತ್ತಿದ್ದಳು.

ನೀರು ಇಳಿಯತೊಡಗಿತು, ಗ್ಯಾಸ್ ಬಂತು. ಸಮಾಧಾನಕ್ಕೆ ನಾನು ವಿಸ್ತಾರವಾಗಿ ಪೂಜೆ ಮಾಡಿದೆ. ಸರ್ವರೋಗ ನಿವಾರಣೆಯ ಮಂತ್ರ ಹೇಳಿ ಕಣ್ಣುಮುಚ್ಚಿ ತೀರ್ಥ ತೆಗೆದುಕೊಂಡೆ. ಆಗಲೇ ಬಾಗಿಲಿಗೆ ಬಂದ ಕಿಂಜಲ್ ಕೈಗೂ, ಮಗುವಿಗೆಂದು, ಭಕ್ತಿಯಿಂದ ಒಂದು ಉದ್ಧರಣೆ ತೀರ್ಥ ಹಾಕಿದೆ.

ಮರುದಿನ ನನ್ನ ಹೊಟ್ಟೆ ಕೆಟ್ಟಿತು. ಎದ್ದು ಓಡುವುದು, ಬಂದು ಮಲಗುವುದು. “ಹೊರಗೆ ಏನು ಕುಡಿದ್ರಿ?” ಎಂದಳು ಸುಧಾ. ಏನೂ ಇಲ್ಲ ಎಂದೆ. ಅವಳು ದೇವರಮನೆಯ ಕಡೆ ನೋಡಿದಳು. “ತೀರ್ಥಕ್ಕೆ ಕುದಿಸಿದ ನೀರು ಇಟ್ಟಿದ್ರಾ?”

ಬೇಯಿಸಿದ ನೀರನ್ನು ದೇವರಿಗೆ ಇಡುತ್ತಾರೆಯೇ? ನಲ್ಲಿಯಿಂದ ನೇರ ಹಿಡಿದಿದ್ದೆ. ಅಷ್ಟರಲ್ಲಿ ಮೇಲಿನ ಮನೆಯಲ್ಲಿ ಮಗು ಜೋರಾಗಿ ಅತ್ತಿತು. ಊರಿಗೆಲ್ಲ ಬುದ್ಧಿ ಹೇಳಿ, ಎಳೆಕೂಸಿಗೆ ನಾನೇ ಕೈಯಾರೆ ಕೊಟ್ಟಿದ್ದೆ. ಹೊಟ್ಟೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.

ಮಗು ಗಿಲಕಿ ಬೇಕೆಂದು ಅಳುತ್ತಿತ್ತು. “ತೀರ್ಥ ಕುಡಿಸಿದೆಯೇನಮ್ಮಾ?” ಎಂದು ಬಾಗಿಲಲ್ಲೇ ಕೇಳಿದೆ. ಕಿಂಜಲ್ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. “ಬೇಜಾರು ಮಾಡ್ಕೋಬೇಡಿ ಅಂಕಲ್. ದೇವರ ತೀರ್ಥ, ಕುದಿಸಿದ್ದಾ ಅಂತ ಕೇಳೋಕೆ ನಾಚಿಕೆ ಆಯ್ತು. ಅದಕ್ಕೇ ಕುಡಿಸದೆ ಮಗು ತಲೆಗೆ ಹಚ್ಚಿಬಿಟ್ಟೆ.”

ನನಗೆ ಅಲ್ಲೇ ಕುಳಿತು ಅಳಬೇಕೆನಿಸಿತು. ನನ್ನ ಮುಖ ನೋಡಿಯೇ ಅವಳಿಗೆ ಎಲ್ಲ ಅರ್ಥವಾಗಿರಬೇಕು. ಒಳಗೆ ಹೋಗಿ ಉಪ್ಪು ಸಕ್ಕರೆ ಕಲಸಿದ ನೀರು ತಂದಳು. “ಚೆನ್ನಾಗಿ ಕುದಿಸಿದ್ದು ಅಂಕಲ್” ಎಂದು, ಕೇಳುವ ಮೊದಲೇ ಹೇಳಿ ಲೋಟ ಚಾಚಿದಳು. ನೋಡಿದರೆ, ನಾನು ಆಗಲೇ ಬಲಗೈ ಗುಳಿ ಮಾಡಿ ಕಣ್ಣುಮುಚ್ಚಿ ನಿಂತಿದ್ದೆ.