ಒಂದು ಗೇಣು ಬಗ್ಗಿದ ಕಾರು

ಮೂವತ್ತು ವರ್ಷ ತುಂಬುವುದರೊಳಗೆ ಜರ್ಮನ್ ಕಾರಿನ ಸ್ಟೇರಿಂಗ್ ಹಿಡಿಯದಿದ್ದರೆ ತಾನು ಸೂರ್ಯಕಾಂತನೇ ಅಲ್ಲ ಎಂದು ಆಳಂದದ ಬೇಳೆ ಮಿಲ್ಲಿನ ಗುಮಾಸ್ತ ಸೂರ್ಯಕಾಂತ ಶಪಥ ಮಾಡಿದ. ಸಾಕ್ಷಿಗೆ ನಾನೂರು ತೊಗರಿ ಚೀಲಗಳಿದ್ದವು. ಚೀಲಗಳು ಏನೂ ಹೇಳಲಿಲ್ಲ. ಹೇಳಿದವಳು ಹೆಂಡತಿ ಸುನಿತಾ.

"ಮನಿ ಮಾಳಿಗಿ ಸೋರಾಕತ್ತದ. ಮೊದಲ ಅದನ್ನ ನೋಡ್ರಿ."

"ಮಾಳಿಗಿ ಯಾರಿಗೂ ಕಾಣಂಗಿಲ್ಲ. ಕಾರು ಊರಿಗೆಲ್ಲ ಕಾಣ್ತದ."

"ಹಂಗಾರ ಮಳಿ ಬಂದಾಗ ಎಲ್ಲಾರೂ ಕಾರಿನಾಗ ಮಲಗೂಣು ಬಿಡ್ರಿ."

ಶಪಥದ ಬೇರು ನರೋಣಾದಲ್ಲಿತ್ತು. ಸುನಿತಾಳ ತಂದೆ ಬಸವಂತರಾಯರು ಆ ಊರಿನ ದೊಡ್ಡ ಹೊಲದವರು, ಕಡಿಮೆ ಮಾತಿನವರು. ನಾಲ್ಕು ವರ್ಷದ ಹಿಂದೆ ಸೂರ್ಯಕಾಂತನ ಮದುವೆಯ ದಿನ ಬಾಡಿಗೆ ಜೀಪು ದಾರಿಯಲ್ಲಿ ಕೈಕೊಟ್ಟು, ಮದುಮಗ ಟಂಟಂ ಆಟೋದಲ್ಲಿ ಉಳ್ಳಾಗಡ್ಡಿ ಚೀಲಗಳ ನಡುವೆ ಬಾಸಿಂಗ ಹಿಡಿದುಕೊಂಡು ಬಂದಿಳಿದಿದ್ದ. ಅಂದಿನಿಂದ ಬಸವಂತರಾಯರ ಬಾಯಲ್ಲಿ ಅವನು ಒಮ್ಮೆಯೂ "ಅಳಿಯಂದ್ರ" ಆಗಲಿಲ್ಲ. ಅವನು ಹೊಸ್ತಿಲು ದಾಟಿದರೆ ಅವರು ಒಳಗಿನಿಂದಲೇ ಕೇಳುತ್ತಿದ್ದರು: "ಯಾರು, ಟಂಟಂದಾಂವ ಬಂದಾನೇನು?" ಕೇಳುವುದರಲ್ಲಿ ವ್ಯಂಗ್ಯವೂ ಇರುತ್ತಿರಲಿಲ್ಲ. ಗುರುತು ಹಿಡಿಯಲು ಕೇಳುತ್ತಿದ್ದರು, ಅಷ್ಟೇ. ಅದೇ ಹೆಚ್ಚು ಚುಚ್ಚುತ್ತಿತ್ತು.

ಕಾರು ಸೊಲ್ಲಾಪುರದಲ್ಲಿ ಸಿಕ್ಕಿತು. ಹದಿನಾರು ವರ್ಷದ್ದು, ಕಡುಗಪ್ಪು. ಮಾರಿದ ಗುತ್ತಿಗೆದಾರ ಕೀಲಿ ಕೊಡುವಾಗ ಸೂರ್ಯಕಾಂತನನ್ನು ಅಪ್ಪಿಕೊಂಡು ಕಣ್ಣು ಒರೆಸಿಕೊಂಡ. ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯ ದುಃಖ ಅದೆಂದು ಸೂರ್ಯಕಾಂತ ತಿಳಿದ. ಅದು ಜೈಲಿನಿಂದ ಬಿಡುಗಡೆಯಾದವನ ಆನಂದಬಾಷ್ಪವೆಂದು ತಿಳಿಯಲು ಅವನಿಗೆ ಹನ್ನೊಂದು ದಿನ ಹಿಡಿಯಿತು.

ಮೊದಲ ಹತ್ತು ದಿನದ ಸುಖವನ್ನು ಮಾತ್ರ ಯಾರೂ ಅಲ್ಲಗಳೆಯುವಂತಿರಲಿಲ್ಲ. ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಮುಚ್ಚಿದ ಸದ್ದು. ಮುಚ್ಚಿದ ಮೇಲೆ ಆಳಂದದ ಬಸ್ ಸ್ಟ್ಯಾಂಡು, ಹಾರ್ನು, ಧೂಳು ಎಲ್ಲವೂ ಬೇರೆ ಯಾರದೋ ಊರಿನವು. ಬಸ್ಸು ಹತ್ತಿದರೆ ಮೂರನೇ ಸ್ಟಾಪಿಗೇ ವಾಂತಿ ಮಾಡುತ್ತಿದ್ದ ಅವನ ಅವ್ವ ಹೀರಾಬಾಯಿ ಜಿಡಗಾ ಮಠದವರೆಗೂ ತೊಗಲಿನ ಸೀಟಿಗೆ ಒರಗಿ ನಿದ್ದೆ ಹೋದಳು. ಮಠ ಬಂದಾಗ ಎಬ್ಬಿಸಿದರೆ, "ಇನ್ನೊಂದ್ ಸುತ್ತು ಹಾಕೋ ಯಪ್ಪಾ, ದೇವರು ಎಲ್ಲಿ ಹೋಗ್ತಾನ" ಎಂದಳು. ಸೂರ್ಯಕಾಂತನಿಗೆ ಜೀವನ ಸಾರ್ಥಕವಾದಂತೆನಿಸಿತು.

ಹನ್ನೊಂದನೆಯ ದಿನ ಮುಂದಿನ ದೀಪ ಹೋಯಿತು. ಆ ಒಂದು ದೀಪದ ಬೆಲೆಗೆ ಆಳಂದದ ಸಂತೆಯಲ್ಲಿ ಕರುವಿನ ಸಮೇತ ಆಕಳು ಬರುತ್ತಿತ್ತು. ಮೊದಲ ಮಳೆಗೆ ಕಾರಿನ ಚಾವಣಿಯ ಗಾಜಿನ ಕಿಂಡಿಯಿಂದ ನೀರು ಒಳಗಿಳಿಯಿತು. ಸುನಿತಾ ಮಾಳಿಗೆಯ ಸೋರಿಕೆಗೆಂದು ಮನೆಯಲ್ಲಿಟ್ಟಿದ್ದ ಎರಡು ಬಕೆಟ್ಟುಗಳಲ್ಲಿ ಒಂದನ್ನು ತಂದು ಕಾರಿನೊಳಗಿಟ್ಟಳು. ಆಮೇಲೆ ಕಿಟಕಿಯ ಗಾಜುಗಳು ಒಂದೊಂದಾಗಿ ಬಾಗಿಲಿನೊಳಗೆ ಬಿದ್ದವು. ಕಡೆಗೆ ಒಂದು ಬೆಳಿಗ್ಗೆ ಸೂರ್ಯಕಾಂತ ಎದ್ದು ನೋಡಿದರೆ ಕಾರು ಕೂತಿತ್ತು. ನಿಂತಿರಲಿಲ್ಲ, ಕೂತಿತ್ತು. ಮಡುವಿನಲ್ಲಿ ಎಮ್ಮೆ ಕೂತ ಹಾಗೆ ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡು, ಏಳುವ ವಿಚಾರವೇ ಇಲ್ಲದಂತೆ.

ಮಿಸ್ತ್ರಿ ಅಬ್ದುಲ್ ಗನಿ ಬಂದ. ನಲವತ್ತು ವರ್ಷದಿಂದ ಟ್ರ್ಯಾಕ್ಟರುಗಳನ್ನು ಬದುಕಿಸಿದ ಕೈ. ಕಾರಿನ ಸುತ್ತ ಮೂರು ಸಲ ಸುತ್ತಿ, ಹಕೀಮನಂತೆ ತಲೆಯಾಡಿಸಿದ.

"ಇದಕ್ಕ ಪಾಟಾ ಇಲ್ಲ, ಸ್ಪ್ರಿಂಗ್ ಇಲ್ಲ. ಹವಾದ ಚೀಲದ ಮ್ಯಾಲ ನಿಂತದ ನೋಡ್ರಿ ಸಾಬ್. ಚೀಲ ಸೋರಾಕತ್ತಾವ."

"ಹೊಸಾವು ಹಾಕ್ರಿ ಚಾಚಾ."

"ನಾಲ್ಕು ಚೀಲದ ರೊಕ್ಕದಾಗ ಇಂಥಾದೇ ಇನ್ನೊಂದು ಗಾಡಿ ಬರ್ತದ. ಅದೂ ಕುಂದರತದ. ಎರಡೂ ಬಾಜು ಬಾಜು ಕುಂತ್ರ ಛಲೋ ಕಾಣ್ತಾವ."

ಕಿಟಕಿಗಳ ವೈರು ಕತ್ತರಿಸಿ ಗಾಜುಗಳನ್ನು ಮೇಲೆತ್ತಿ ಕಾಯಂ ಮುಚ್ಚಿದ ಅಬ್ದುಲ್ ಗನಿ, ಹವೆಯ ಚೀಲಗಳಿಗೆ ಪಂಪಿನಿಂದ ಗಾಳಿ ತುಂಬುವ ಉಪಾಯ ಕಂಡುಹಿಡಿದ. ತುಂಬಿದರೆ ಕಾರು ನಾಲ್ಕು ತಾಸು ಮಾನವಂತರ ಹಾಗೆ ನಿಲ್ಲುತ್ತಿತ್ತು. ಅಷ್ಟರಲ್ಲಿ ಹೋದಷ್ಟು ದೂರವೇ ಸೂರ್ಯಕಾಂತನ ಪ್ರಪಂಚ.

ಇಂಥ ದಿನಗಳಲ್ಲಿ ಸುನಿತಾಳ ತಮ್ಮ ಅನೀಲಕುಮಾರನ ಮದುವೆ ಗೊತ್ತಾಯಿತು. ಹುಡುಗಿ ಜೇವರ್ಗಿಯ ಸೃಷ್ಟಿ. ಸೂರ್ಯಕಾಂತ ತುಂಬಿದ ಪಡಸಾಲೆಯಲ್ಲಿ ಎದ್ದು ನಿಂತು, "ಮದುಮಗ ನನ್ನ ಕಾರಿನಾಗ ಬರ್ತಾನ" ಎಂದ. ಟಂಟಂನ ಕಳಂಕವನ್ನು ತೊಳೆಯಲು ದೇವರು ಕೊಟ್ಟ ದಿನ ಇದೇ ಎಂದು ಅವನ ಲೆಕ್ಕ. ಬಸವಂತರಾಯರು "ಆಗಲಿ, ನೋಡೂಣು" ಎಂದರು.

ಮದುವೆಯ ದಿನ ಬೆಳಿಗ್ಗೆ ಎಂಟೂವರೆಗೆ ಅಬ್ದುಲ್ ಗನಿ ಗಾಳಿ ತುಂಬಿದ. "ಹನ್ನೆರಡೂವರಿ ಮಟ ನಿಂದರತದ. ಆಮ್ಯಾಲ ಅಲ್ಲಾಹನ ಮರ್ಜಿ." ಅಕ್ಕಿಕಾಳಿನ ಮುಹೂರ್ತ ಹನ್ನೆರಡು ಮೂವತ್ತೈದಕ್ಕಿತ್ತು. ಅದಕ್ಕಿಂತ ಮೊದಲು ಮದುಮಗ ಇಳಿದರಾಯಿತು, ಆಮೇಲೆ ಕಾರು ಕೂತರೂ ಮಲಗಿದರೂ ಒಂದೇ.

ಕಾರು ಹೂವಿನ ಹಾರ ಹಾಕಿಕೊಂಡು ನರೋಣಾದಿಂದ ಹೊರಟು, ಭೀಮಾ ನದಿಯ ಸೇತುವೆ ದಾಟಿ, ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗಲೇ ಜೇವರ್ಗಿಯ ಕಲ್ಯಾಣ ಮಂಟಪದ ಮುಂದೆ ಬಂದು ನಿಂತಿತು. ಬೀಗರು ನೀರು, ಆರತಿ ಹಿಡಿದು ಬಂದು ಎದುರುಗೊಳ್ಳುವವರೆಗೆ ಮದುಮಗ ಕೆಳಗಿಳಿಯುವಂತಿಲ್ಲ. ಹಾಗಾಗಿ ಅನೀಲಕುಮಾರ ಹಿಂದಿನ ಸೀಟಿನಲ್ಲಿ ಎ.ಸಿ. ಹಚ್ಚಿಕೊಂಡು ಕೂತ. ಆರತಿ ಬಂತು. ಈಗ ಸೂರ್ಯಕಾಂತ ಮಾಡಬೇಕಾದದ್ದು ಏನೂ ಇರಲಿಲ್ಲ, ಅನೀಲಕುಮಾರನಿಗೂ ಕೈಗಳಿದ್ದವು. ಆದರೆ ಮಾವನ ಕಣ್ಣೆದುರು ತಾನೇ ಇಳಿದು, ಸುತ್ತಿ ಬಂದು, ಸಾಹುಕಾರರ ಚಾಲಕರ ಹಾಗೆ ಬಾಗಿಲು ತೆಗೆಯಬೇಕೆಂದು ಅವನು ವಾರದಿಂದ ಅಂಗಳದಲ್ಲಿ ಅಭ್ಯಾಸ ಮಾಡಿದ್ದ. ಕೀಲಿಯನ್ನು ಒಳಗೇ ಬಿಟ್ಟು ಇಳಿದ. ತಿಜೋರಿಯ ಸದ್ದಿನೊಂದಿಗೆ ಬಾಗಿಲು ಮುಚ್ಚಿದ.

ಟಕ್.

ನಾಲ್ಕೂ ಬಾಗಿಲು ತಾವಾಗಿಯೇ ಬೀಗ ಹಾಕಿಕೊಂಡವು. ಒಳಗಿನಿಂದ ಅನೀಲಕುಮಾರ ಹಿಡಿಕೆ ಎಳೆದ, ಗುಂಡಿ ಒತ್ತಿದ, ಕೀಲಿ ಅಲ್ಲಾಡಿಸಿದ. ಹೊರಗಿನಿಂದ ಸೂರ್ಯಕಾಂತ ಎಳೆದ. ಹೆಣ್ಣಿನ ಕಡೆಯ ಮುತ್ತೈದೆಯರು ಏನೂ ತಿಳಿಯದೆ ಮುಚ್ಚಿದ ಗಾಜಿಗೇ ಆರತಿ ಬೆಳಗಿದರು.

ಹತ್ತು ನಿಮಿಷ ಕಳೆಯಿತು. ಬಸವಂತರಾಯರು ಬಂದು ನಿಂತರು.

"ಏನದು?"

"ಏನಿಲ್ರಿ ಮಾವ, ಸೆಕ್ಯೂರಿಟಿ ಭಾಳ ಛಲೋ ಅದ ಈ ಕಾರಿಂದು."

"ಅದು ಕಾಣ್ತದ. ಗಾಜು ಒಡೀರಿ."

ಒಂದು ಗಾಜೆಂದರೆ ಎರಡು ತಿಂಗಳ ಪಗಾರ. ಸೂರ್ಯಕಾಂತ ಗಾಜಿಗೆ ಬೆನ್ನು ಕೊಟ್ಟು ನಿಂತ. ಅಷ್ಟರಲ್ಲಿ ಸೃಷ್ಟಿಯ ಅಜ್ಜಿ ಕೋಲು ಊರಿಕೊಂಡು ಮುಂದೆ ಬಂದಳು.

"ಮದುವಿ ಬಾಗಲದಾಗ ಗಾಜು ಒಡದ್ರ ಸಂಸಾರ ಒಡೀತದ. ಯಾರರ ಕಲ್ಲು ಎತ್ತಿದ್ರ ನನ್ನ ಮೊಮ್ಮಗಳು ಮದುವಿ ಬ್ಯಾಡಂತ ಒಳಗ ಹೋಗಿ ಕುಂದರತಾಳ."

ಆ ಅಜ್ಜಿಯ ಪಾದಕ್ಕೆ ಬೀಳಬೇಕೆನ್ನಿಸಿತು ಸೂರ್ಯಕಾಂತನಿಗೆ. ಆದರೆ ಗಡಿಯಾರ ಹನ್ನೆರಡು ಇಪ್ಪತ್ತು ತೋರಿಸುತ್ತಿತ್ತು. ಇನ್ನು ಹತ್ತು ನಿಮಿಷಕ್ಕೆ ಕಾರಿನ ಗಾಳಿ ಹೋಗಿ, ಅದರ ಜೊತೆ ತಾನೂ ನೆಲಕ್ಕೆ ಬೀಳುವುದು ಅವನಿಗೆ ಕಾಣಿಸಿತು.

ಉಪಾಯ ಹೊಳೆದದ್ದು ಸುನಿತಾಳಿಗೆ. "ಅನೀಲಾ, ಮ್ಯಾಲಿನ ಕಿಂಡಿ ತಗೀ. ಸೋರ್ತದಲ್ಲ, ಅದು" ಎಂದು ಗಾಜಿಗೆ ಬಾಯಿಟ್ಟು ಕೂಗಿದಳು. ಕಿಂಡಿ ತೆರೆಯಿತು. ಬಾಸಿಂಗ ಬಂತು, ತಲೆ ಬಂತು, ಭುಜ ಬಂತು. ಹೊಟ್ಟೆ ಬರಲಿಲ್ಲ. ಹೋಳಿಗೆಯ ಪಂಕ್ತಿಯಲ್ಲಿ ಎಂದೂ ಸಾಕೆನ್ನದ ಅನೀಲಕುಮಾರ ಕಾರಿನ ನೆತ್ತಿಯ ಮೇಲೆ ಕಳಸದ ಹಾಗೆ ಸಿಕ್ಕಿಕೊಂಡ.

"ಕೆಳಗ ಇಳೀಪಾ" ಎಂದರು. ಇಳಿಯಲೂ ಆಗಲಿಲ್ಲ.

ಅಯ್ಯನವರು ಪಂಚಾಂಗ ಮಡಚಿದರು. "ಮುಹೂರ್ತ ಯಾರಿಗೂ ಕಾಯಂಗಿಲ್ಲ. ಹುಡುಗಿನ್ನ ಇಲ್ಲೇ ಕರೀರಿ."

ಸೃಷ್ಟಿ ಬಂದಳು. ನೋಡಿದಳು. ನಗಲಿಲ್ಲ, ಆದರೆ ಅವಳ ಮೂಗುತಿ ಅಲುಗುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಕಾರಿಗೆ ಆನಿಸಿಟ್ಟರು. ಕುರ್ಚಿಯ ಕಾಲುಗಳನ್ನು ಸೂರ್ಯಕಾಂತನೇ ಮಂಡಿಯೂರಿ ಹಿಡಿದ. ಅವಳು ಹತ್ತಿ ಹಾರ ಎತ್ತಿದಳು. ಹಾರ ಬಾಸಿಂಗದ ತುದಿಗೆ ತಾಗಿ ಹಿಂದೆ ಬಂತು. ಒಂದು ಗೇಣು ಕಡಿಮೆ. ಅನೀಲಕುಮಾರ ಬಗ್ಗಲು ನೋಡಿದ, ಹೊಟ್ಟೆ ಬಿಡಲಿಲ್ಲ. ಅಯ್ಯನವರು ಮಂಗಳಾಷ್ಟಕ ಆರಂಭಿಸಿಬಿಟ್ಟರು. ಐದುನೂರು ಜನ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಆ ಒಂದು ಗೇಣನ್ನೇ ನೋಡುತ್ತಿದ್ದರು. ಬಸವಂತರಾಯರು ಮಾತ್ರ ಕುರ್ಚಿಯ ಕೆಳಗೆ ಮಂಡಿಯೂರಿದ್ದವನನ್ನು ನೋಡುತ್ತಿದ್ದರು. ಟಂಟಂನಲ್ಲಿ ಬಂದರೂ ಅಂದಿನ ಮದುಮಗ ಕಡೆಗೆ ಇಳಿದಿದ್ದನಲ್ಲ ಎಂದು ಅವರ ಮುಖ ಹೇಳುವಂತಿತ್ತು.

ಆಗ ಕಾರು ನಿಟ್ಟುಸಿರು ಬಿಟ್ಟಿತು.

ಸುಯ್ ಎಂದು ಉದ್ದವಾಗಿ, ಯಾವುದೋ ದೊಡ್ಡ ವೈರಾಗ್ಯ ಬಂದ ಹಾಗೆ. ಮೊದಲು ಮುಂದಿನ ಕಾಲು, ಆಮೇಲೆ ಹಿಂದಿನ ಕಾಲು ಮಡಚಿ, ಅನೀಲಕುಮಾರನ ಸಮೇತ ಮೆಲ್ಲಗೆ ಕೆಳಗಿಳಿಯಿತು. ಸರಿಯಾಗಿ ಒಂದು ಗೇಣು. ಹಾರ ಕೊರಳಿಗೆ ಬಿತ್ತು. ವಾಲಗ ಮೊಳಗಿತು. ಅಕ್ಕಿಕಾಳು ಕಪ್ಪು ಚಾವಣಿಯ ಮೇಲೆ ಆಲಿಕಲ್ಲಿನಂತೆ ಸುರಿಯಿತು.

"ನೋಡ್ರೆವ್ವಾ, ಎಂಥಾ ಸಂಸ್ಕಾರದ ಕಾರು. ಸೊಸಿಗೆ ಬಗ್ಗತು" ಎಂದಳು ಸೃಷ್ಟಿಯ ಅಜ್ಜಿ.

ಕಿಂಡಿಯಿಂದಲೇ ಕೈ ಚಾಚಿ ತಾಳಿ ಕಟ್ಟಿದ್ದಾಯಿತು. ಮೂರನೆಯ ಗಂಟು ಬಿದ್ದದ್ದೇ ತಡ, ನಾಲ್ಕೂ ಬಾಗಿಲು ಟಕ್ ಎಂದು ತೆರೆದುಕೊಂಡವು. ನಾಲ್ವರು ಒಳಗೆ ಹೊಕ್ಕು ಮದುಮಗನನ್ನು ಕಾಲು ಹಿಡಿದು ಕೆಳಗೆಳೆದರು.

ಊಟವಾಯಿತು, ಎಲ್ಲವೂ ಆಯಿತು, ಕಾರು ಮಾತ್ರ ಏಳಲಿಲ್ಲ. ಬೀಗರ ಟ್ರ್ಯಾಕ್ಟರ್ ಟ್ರೇಲರಿಗೆ ಹಲಗೆ ಆನಿಸಿ, ಹದಿನಾರು ಜನ ಸೇರಿ ಅದನ್ನು ಮೇಲಕ್ಕೆ ನೂಕಿದರು. ಒಬ್ಬರು ಜೊತೆಗಿರಬೇಕಿತ್ತು. ಪರೀಕ್ಷೆಗೆಂದು ಒಳಗೆ ಹತ್ತಿದ ಬಸವಂತರಾಯರು ತೊಗಲಿನ ಸೀಟಿಗೆ ಒರಗಿದವರು ಮತ್ತೆ ಇಳಿಯಲಿಲ್ಲ. "ನಾ ಕಾಯ್ತೇನಿ, ನೀವು ನಡೀರಿ" ಎಂದು ಕಾಲು ಚಾಚಿದರು.

ಸೂರ್ಯಕಾಂತ ಹೆಂಡತಿ, ಅವ್ವನೊಂದಿಗೆ ಬಸ್ಸು ಹತ್ತಿದ. ಹೆಂಗಸರಿಬ್ಬರಿಗೂ ಟಿಕೆಟ್ ಫ್ರೀ, ಸೀಟೂ ಸಿಕ್ಕಿತು. ರೊಕ್ಕ ಕೊಟ್ಟವನಿಗೆ ಸೀಟು ಸಿಗಲಿಲ್ಲ. ಭೀಮಾ ಸೇತುವೆಯ ಮೇಲೆ ಕಬ್ಬಿನ ಲಾರಿಗಳು ಅಡ್ಡಲಾಗಿ ಬಸ್ಸು ನಿಂತಿತು. ಕಿಟಕಿಯ ಪಕ್ಕದಲ್ಲೇ ಟ್ರೇಲರ್. ಟ್ರೇಲರಿನ ಮೇಲೆ ಹಾರ ಹಾಕಿಕೊಂಡ ಕಾರು. ಕಾರಿನೊಳಗೆ ತಲೆಗೆ ಸುತ್ತಿದ ಪಟಗದ ಸಮೇತ ಕಣ್ಣು ಮುಚ್ಚಿದ ಬಸವಂತರಾಯರು.

"ಎಷ್ಟು ಆರಾಮ ಕುಂತಾರ ನೋಡವ್ವಾ ನಿಮ್ಮಪ್ಪ" ಎಂದಳು ಹೀರಾಬಾಯಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ಬಸವಂತರಾಯರು ಕಣ್ಣು ತೆರೆದರು. ಅಳಿಯನನ್ನು ನೋಡಿದರು. ಗಾಜು ಇಳಿಯುವಂತಿರಲಿಲ್ಲ, ಆದ್ದರಿಂದ ಫೋನು ಹಚ್ಚಿದರು. ಒಂದು ಕೈಯಲ್ಲಿ ಬಸ್ಸಿನ ಸರಳು ಹಿಡಿದು ಸೂರ್ಯಕಾಂತ ಇನ್ನೊಂದು ಕೈಯಿಂದ ಫೋನು ಕಿವಿಗಿಟ್ಟ.

"ಅಳಿಯಂದ್ರ."

ನಾಲ್ಕು ವರ್ಷ ಕಾದ ಮಾತು. ಸೂರ್ಯಕಾಂತ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದ. "ಹೇಳ್ರಿ ಮಾವ."

"ಕಾರು ಭಾಳ ಛಲೋ ಅದ ನೋಡ್ರಿ. ಕುಂದ್ರಾಕ. ನಡಸಾಕ ಮಾತ್ರ ಒಂದು ಟಂಟಂ ತಗೋರಿ."

ಲಾರಿಗಳು ಸರಿದವು, ಬಸ್ಸು ಹೊರಟಿತು.

"ಏನಂದ್ರು ಅಪ್ಪ?" ಸುನಿತಾ ಕೇಳಿದಳು.

"ಅಳಿಯಂದ್ರ ಅಂದ್ರು."

"ಖರೇನ? ಮತ್ತೇನಂದ್ರು?"

ಸೂರ್ಯಕಾಂತ ಫೋನನ್ನು ಕಿಸೆಗೆ ಹಾಕಿಕೊಂಡು ಹೊರಗೆ ನೋಡಿದ.

"ಸಿಗ್ನಲ್ ಹೋತು."