ತರಬೇತಿ ಪಡೆದ ನಾಗರಿಕನ ಅಂಗಡಿ ಬಾಗಿಲು

ಊರು ಸುಧಾರಿಸುತ್ತೇವೆ ಅಂತ ಯಾರಾದರೂ ಟೊಂಕ ಕಟ್ಟಿ ಬಂದರೆ ಅಂಗಡಿಕಾರ ಮೊದಲು ತನ್ನ ಹೊಸ್ತಿಲು ನೋಡಿಕೊಳ್ಳಬೇಕು. ಕಲಬುರ್ಗಿ ಕಡೆಯಿಂದ ಬಂದು ಪುಣೆಯ ಹಳೇ ಪೇಟೆಯಲ್ಲಿ ಪಾತ್ರೆ ಮಾರಿ ಮಾರಿ ನನ್ನ ತಲೆ ಬೆಳ್ಳಗಾಗಿದೆ. ಸುಧಾರಣೆಗಳು ಬರುತ್ತಲೇ ಇವೆ. ನಗಬೇಕು; ನಗದಿದ್ದರೆ ಬಿ.ಪಿ. ಗುಳಿಗೆ ಹೆಚ್ಚಾಗುತ್ತದೆ, ಅಷ್ಟೇ.

ಪ್ರವೇಶ

ನನ್ನ ಅಂಗಡಿಯ ಜೀವ ಇರುವುದು ತಾಮ್ರದ ಕೊಪ್ಪರಿಗೆಗಳಲ್ಲಿ. ಒಳಗೆ ಒಬ್ಬ ಮನುಷ್ಯ ಕೂತು ಸ್ನಾನ ಮಾಡಬಹುದು, ಅಷ್ಟು ದೊಡ್ಡವು. ಮದುವೆಗೆ, ಗಣಪತಿ ಮಂಡಳಗಳ ಮಹಾಪ್ರಸಾದಕ್ಕೆ ಬಾಡಿಗೆಗೆ ಹೋಗುತ್ತವೆ, ಬರುತ್ತವೆ. ಈ ಸಲ ಗಣಪತಿ ಹಬ್ಬ ಹತ್ತಿರ ಬಂದಾಗಲೇ ನಮ್ಮ ಓಣಿಗೆ 'ಸ್ಮಾರ್ಟ್ ರಸ್ತೆ'ಯ ನಕ್ಷೆಯೂ ಬಂತು. ನೋಡುತ್ತೇನೆ, ಸರಿಯಾಗಿ ನನ್ನ ಬಾಗಿಲಿಗೆ ಎದುರಾಗಿ ಸಿಮೆಂಟಿನ ಹೂಕುಂಡ, ಅದರ ಮಗ್ಗುಲಿಗೆ ಒಂದು ಕಂಬ. ನಡುವಿನ ಸಂದಿಯಲ್ಲಿ ನಾನು ಹೊರಗೆ ಬಂದೇನು, ಕೊಪ್ಪರಿಗೆ ಬರಬೇಕಲ್ಲ?

ಯೋಜನೆಯ ಎಂಜಿನಿಯರ್ ಸಾಹೇಬರ ಹತ್ತಿರ ಹೋದೆ. ಮರಾಠಿಯಲ್ಲಿ ಭಾಳ ಮೃದುವಾಗಿ ಹೇಳಿದರು: "ಕಾಕಾ, ನೀವು ಬರೇ ತಕರಾರು ಮಾಡ್ತೀರಿ. ನಮಗ ಬೇಕಾದದ್ದು ಸಹಭಾಗ. 'ಸಕ್ರಿಯ ನಾಗರಿಕ' ಅಂತ ಒಂದು ಆನ್‌ಲೈನ್ ಕೋರ್ಸ್ ಅದ. ಅದರಾಗ ಪಾಸಾದವರ ಸೂಚನಾ ಅಷ್ಟೇ ನಾವು ತಗೋತೀವಿ."

"ಪಾಸಾಗದವರು ಏನು ಮಾಡಬೇಕ್ರಿ?"

"ತೆರಿಗೆ ಕಟ್ಟಬಹುದು."

ಜಾಗೃತಿ

ಕ್ಲಾಸು ಮಧ್ಯಾಹ್ನ ಎರಡಕ್ಕೆ. ಇದನ್ನು ಗೊತ್ತು ಮಾಡಿದವರು ಈ ಊರಿನವರಂತೂ ಅಲ್ಲ. ಪುಣೆಯ ಪೇಟೆಯಲ್ಲಿ ಒಂದರಿಂದ ನಾಲ್ಕರವರೆಗೆ ಶಟರ್ ಕೆಳಗೆ, ವ್ಯಾಪಾರಿ ಹಾಸಿಗೆ ಮೇಲೆ. ಗಿರಾಕಿ ಬಾಗಿಲು ಬಡಿದರೂ ಅಷ್ಟೇ, ಬೈದರೂ ಅಷ್ಟೇ. ಪ್ರಳಯವಾದರೂ ನಾಲ್ಕರ ನಂತರವೇ ಆಗಬೇಕು.

ಆದರೂ ಬಾಗಿಲಿನ ಪ್ರಶ್ನೆ. ಪಕ್ಕದ ಬಟ್ಟೆ ಅಂಗಡಿಯ ಶೇಟರ ಬಾಗಿಲಿಗೂ ನಕ್ಷೆಯಲ್ಲಿ ಒಂದು ಕುಂಡ ಇತ್ತು, ಅವರೂ ಬಂದರು. ಶಟರ್ ಎಳೆದು, ಲೋಟಗಳ ಸಾಲಿಗೆ ಮೊಬೈಲ್ ಒರಗಿಸಿ ಕೂತೆವು. ಪರದೆಯೊಳಗಿನ ಮೇಡಂ ಯಾವುದೋ ದೇಶದ ಊರಿನ ಮಾತು ತೆಗೆದರು. ಅಲ್ಲಿ ಬೆಂಚಿಗೆ ಯಾವ ಬಣ್ಣ ಅಂತ ಜನರೇ ಆರಿಸುತ್ತಾರಂತೆ. ಆ ಬೆಂಚಿನವರೆಗೆ ನನಗೆ ನೆನಪಿದೆ.

ನಾಲ್ಕಕ್ಕೆ ನನ್ನ ಹೆಂಡತಿ ಚಹಾ ತಂದು ಎಬ್ಬಿಸಿದಳು. ಮೊಬೈಲಿನಲ್ಲಿ ಅಭಿನಂದನೆ ಬಂದು ಕೂತಿತ್ತು: 'ಎಚ್ಚೆತ್ತ ನಾಗರಿಕ' ಎಂಬ ಪಾಠ ಪೂರ್ಣ, ಹಾಜರಿ ಪೂರ್ಣ. ಬಟ್ಟೆ ಶೇಟರು ಕಣ್ಣುಜ್ಜಿಕೊಂಡು ಅಂದರು, "ಛಲೋ ಕೋರ್ಸ್ ಅದ ರೀ. ನಡುವ ಎಲ್ಲೂ ಎಬ್ಬಿಸಲಿಲ್ಲ."

ಪರೀಕ್ಷೆ

ಪರೀಕ್ಷೆಯಲ್ಲಿ ಕೇಳಿದರು: ನಿಮ್ಮ ಮನೆ ಮುಂದಿನ ಗಟಾರ ತುಂಬಿ ಹರಿದರೆ ಏನು ಮಾಡುತ್ತೀರಿ? ಕೆಳಗೆ ನಾಲ್ಕು ಉತ್ತರ. 'ಕೋಲು ಹಾಕಿ ಕಸ ತೆಗೆಯುತ್ತೇನೆ' ಅನ್ನುವುದನ್ನು ಒತ್ತಿದೆ. ಇಷ್ಟು ದಿನ ಮಾಡಿದ್ದೇ ಅದು. ಕೆಂಪು ಗುರುತು ಬಂತು, ತಪ್ಪು. ಸರಿ ಉತ್ತರ, ಫೋಟೊ ತೆಗೆದು ಆ್ಯಪಿಗೆ ಹಾಕುವುದು.

ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳು. "ಫೋಟೊ ತೆಗದ್ರ ನೀರು ನಿಲ್ತದೇನ್ರಿ?"

"ನಿಲ್ಲೂದಿಲ್ಲ. ಪಾಸಾಗ್ತೀವಿ."

ಸಮೀಕ್ಷೆ

ಪಾಸಾದೆ. ಪ್ರಮಾಣಪತ್ರದ ಜೊತೆ ಸೂಚನೆ ಕಳಿಸಿದೆ: ಕುಂಡ, ಕಂಬ ಎರಡನ್ನೂ ಒಂದು ಮಾರು ಆಚೆ ಸರಿಸಿರಿ, ಸಾಕು. ಉತ್ತರ ಬಂತು: ಓಣಿಯ ಜನಸಂಚಾರ ನೋಡಿ ತೀರ್ಮಾನಿಸುತ್ತೇವೆ.

ನೋಡಲು ಬಂದರು, ಮಧ್ಯಾಹ್ನ ಎರಡೂವರೆಗೆ. ಇಡೀ ಓಣಿಯ ಶಟರ್ ಕೆಳಗೆ, ಒಂದು ನಾಯಿ ಮಾತ್ರ ಹೊರಗೆ. ವರದಿ ಬರೆದರು: ಇಲ್ಲಿ ವ್ಯಾಪಾರ ಚಟುವಟಿಕೆ ಕಂಡುಬರಲಿಲ್ಲ, ಆಕ್ಷೇಪಿಸುವವರೂ ಇರಲಿಲ್ಲ, ಕುಂಡದ ಜೊತೆಗೆ ವಿಶ್ರಾಂತಿಗೆ ಬೆಂಚನ್ನೂ ಹಾಕಬಹುದು.

ಓಡಿ ಹೋದೆ. "ಸಾಹೇಬ್ರ, ಸಂಜಿಗೆ ಬರಬೇಕಿಲ್ರಿ? ಕಾಲಿಡಾಕ ಜಾಗಾ ಇರೂದಿಲ್ಲ!"

"ಅದಕ್ಕ ಕಾಕಾ," ಅಂದರು, "ಗದ್ದಲ ಇದ್ರ ಎಣಿಸೋದು ಹೆಂಗ?"

ಉದ್ಘಾಟನೆ

ಕುಂಡ ಬಂತು, ಕಂಬ ನಿಂತಿತು. ಕಂಬಕ್ಕೊಂದು ಫಲಕ: 'ಈ ರಸ್ತೆ ನಾಗರಿಕರ ಸಹಭಾಗದಿಂದ ರೂಪುಗೊಂಡಿದೆ.' ಕೆಳಗೆ ಪಾಸಾದವರ ಹೆಸರು, ಮೊದಲಿಗೇ ನನ್ನದು. ಮಂಡಳದ ಹುಡುಗರು ಕೊಪ್ಪರಿಗೆ ಒಯ್ಯಲು ಬಂದವರು ಸಂದಿ ನೋಡಿದರು, ಫಲಕ ಓದಿದರು, "ಏನ್ ಕಾಕಾ, ಸ್ವಂತ ಬಾಗಿಲಿಗೇ?" ಅಂತ ನಕ್ಕು ಬೇರೆ ಅಂಗಡಿಗೆ ಹೋದರು.

ಉದ್ಘಾಟನೆಯ ದಿನ ಮಸಾಲೆ ಭಾತಿನ ಊಟ ಅಂತ ಗೊತ್ತಾಯಿತು. ಅಡುಗೆಯವನಿಗೆ ಎಲ್ಲಕ್ಕಿಂತ ದೊಡ್ಡ ಕೊಪ್ಪರಿಗೆಯೇ ಬೇಕು. ಅಂಥದ್ದು ಪೇಟೆಯಲ್ಲಿ ನನ್ನ ಹತ್ತಿರ ಬಿಟ್ಟರೆ ಇಲ್ಲ. ಅಡ್ಡ ಮಾಡಿದ, ಉದ್ದ ಮಾಡಿದ, ಸಂದಿಯಿಂದ ಹೊರಗೆ ಬರಲಿಲ್ಲ. ಸುದ್ದಿ ಸಾಹೇಬರಿಗೆ ಮುಟ್ಟಿತು. ಮುಖ್ಯ ಅತಿಥಿಗಳ ಊಟದ ಮಾತು! ಚಹಾ ಕುಡಿದು ಲೋಟ ಇಡುವುದರೊಳಗೆ ಆಳುಗಳು ಬಂದು ಕಂಬ ಕಿತ್ತರು. ಕೊಪ್ಪರಿಗೆ ಹೊರಟಿತು. ನಾನು ಕೈ ಮುಗಿದು ಅಂದೆ, "ಸಾಹೇಬ್ರ, ಹೆಂಗಿದ್ರೂ ಕಿತ್ತೀರಿ, ಹಂಗ ಬಿಟ್ಟುಬಿಡ್ರಿ."

"ನೋಡೋಣ ಕಾಕಾ."

ಅತಿಥಿಗಳು ಬಂದರು, ರಿಬ್ಬನ್ ಕತ್ತರಿಸಿದರು, ಉಂಡರು. ಅಡುಗೆಯವ ಕೊಪ್ಪರಿಗೆ ತೊಳೆದು ತರುವಷ್ಟರಲ್ಲಿ ಕಂಬ ಮತ್ತೆ ನೆಟ್ಟಗೆ ನಿಂತಿತ್ತು, ಈ ಸಲ ಇನ್ನಷ್ಟು ಸಿಮೆಂಟು ಹಾಕಿಸಿಕೊಂಡು. ಕೊಪ್ಪರಿಗೆ ಒಳಗೆ ಹೋಗಲಿಲ್ಲ. ಬೀದಿಯಲ್ಲೇ ಮಗುಚಿ ಹಾಕಿ, ಕುಂಡಕ್ಕೆ ಸರಪಳಿ ಬಿಗಿದು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಬಂದರೆ ಪಾಲಿಕೆಯ ಅತಿಕ್ರಮಣ ತೆಗೆಯುವ ಗಾಡಿ ನಿಂತಿದೆ. ಸರಪಳಿ ಕತ್ತರಿಸಿ, ಕೊಪ್ಪರಿಗೆಯನ್ನು ಫರಸಿ ಕಲ್ಲಿನ ಮೇಲೆ ದರದರ ಎಳೆಯುತ್ತಿದ್ದಾರೆ. ಮರಾಠಿ ಮರೆತು ಹೋಯಿತು. "ಏ, ಎಳೀಬ್ಯಾಡ್ರೋ! ತಳಾ ಸವದ ಹೋಗ್ತದ! ಎತ್ತ್ರಿ, ಎತ್ತಿ ಒಯ್ಯಿರಿ!"

ಆಳುಗಳಲ್ಲಿ ಒಬ್ಬ ಮುಖ ಎತ್ತಿದ. ನಮ್ಮ ಕಲಬುರ್ಗಿ ಕಡೆಯವನೇ. "ಅಣ್ಣಾರ, ನಮ್ಮ ಕಡೆಯವ್ರ ಅದೀರೇನ್ರಿ? ಭಾಳ ವಜ್ಜ ಅದರಿ ಇದು. ಒಂದೀಟು ಕೈ ಹಚ್ಚ್ರಿ."

ಇನ್ನೇನು ಮಾಡಲಿ, ತಾಮ್ರ ನನ್ನದು. ಒಂದು ಹಿಡಿಕೆ ಹಿಡಿದೆ. ಬಟ್ಟೆ ಶೇಟರೂ ಬಂದು ಹಿಂದಿನಿಂದ ನೂಕಿದರು. ಎಲ್ಲರೂ ಸೇರಿ ನನ್ನ ಕೊಪ್ಪರಿಗೆಯನ್ನು ಅವರ ಗಾಡಿಗೆ ಒಂದು ಗೆರೆಯೂ ಬೀಳದಂತೆ ಏರಿಸಿದೆವು.

ಅವನು ಬೆವರು ಒರೆಸಿಕೊಂಡು ಗಾಡಿ ಹತ್ತಿ ನಮಸ್ಕಾರ ಮಾಡಿದ. "ದೇವರಂಥಾ ಮಂದಿ ರೀ ನೀವು. ಉಳಿದ ಅಂಗಡಿಯವ್ರು ಬರೇ ಬೈತಾರ್ರಿ."