ಒಳಗೆ ನರಳುತ್ತಿದ್ದವಳು

ತುಂಬಿದ ಬಸುರಿ ಹೆಂಡತಿ, ಅವಳ ತಾಯಿ, ಒಂದು ಗ್ರಾಮಫೋನು: ಈ ಮೂರನ್ನೂ ಒಂದೇ ಮನೆಯಲ್ಲಿಟ್ಟುಕೊಂಡು ನೆಮ್ಮದಿಯಾಗಿರುವ ಗಂಡಸು ಮುಳಬಾಗಿಲು ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ತೋರಿಸಿ, ಸಾಷ್ಟಾಂಗ ಬೀಳುತ್ತೇನೆ. ಎಪ್ಪತ್ತೇಳನೇ ಇಸವಿಯಲ್ಲಿ ನಾನಂತೂ ಹಾಗಿರಲಿಲ್ಲ.

ಬೆಂಗಳೂರಿನ ಕಾರ್ಖಾನೆಯಲ್ಲಿದ್ದ ಗೆಳೆಯ ಕದಿರಪ್ಪ ಅಮೆರಿಕದ ಗಾಯಕಿಯೊಬ್ಬಳ ಹಳೆಯ ಎಲ್ಪಿ ರೆಕಾರ್ಡನ್ನು ಎರಡು ದಿನದ ಮಟ್ಟಿಗೆ ಕೊಟ್ಟಿದ್ದ. "ಇದು ಸೋಲ್ ಮ್ಯೂಸಿಕ್ ಕಣೋ. ಆತ್ಮದಿಂದ ಬರೋದು. ಗೀರು ಬಿತ್ತೋ, ನಿನ್ನ ಆತ್ಮ ಇರಲ್ಲ" ಎಂದಿದ್ದ.

"ಸೋಲಾ? ಗೆದ್ದೋರ ಹಾಡು ಸಿಗ್ಲಿಲ್ವೇನ್ರೀ?" ಎಂದಳು ಶ್ಯಾಮಲ. (ನನ್ನ ಹೆಂಡತಿ. ಎಂಟು ತಿಂಗಳು.)

ಮಗಳ ಹೆರಿಗೆಗೆಂದು ಬಂದು ನೆಲೆಸಿದ್ದ ನಮ್ಮತ್ತೆ ವೆಂಕಟರತ್ನಮ್ಮನವರು ಅರ್ಧ ನಿಮಿಷ ಕೇಳಿ ಕೈ ಎತ್ತಿದರು. "ನಿಲ್ಸಿ ಅಳಿಯಂದಿರೇ! ಬಸುರಿ ಇರೋ ಮನೇಲಿ ಹಿಂಗೆ ಹೆಂಗಸು ಅತ್ತರೆ ಹುಟ್ಟೋ ಕೂಸು ಅಳುಬುರುಕ ಆಗ್ತದೆ." ರಾಜಾಜ್ಞೆ ಹೊರಟಿತು. ರೆಕಾರ್ಡು ಬೀರು ಸೇರಿತು.

ಭಾನುವಾರ ಬೆಳಗ್ಗೆ ತಾಯಿ ಮಗಳಿಬ್ಬರೂ ಜಟಕಾ ಕಟ್ಟಿಸಿಕೊಂಡು ಕುರುಡುಮಲೆ ಗಣೇಶನ ದರ್ಶನಕ್ಕೆ ಹೊರಟರು. ಗಾಡಿ ಬೀದಿ ತಿರುಗಿದ್ದೇ ತಡ, ನಾನು ಬಾಗಿಲ ಅಗುಳಿ ಹಾಕಿ, ಮುಳ್ಳು ಇಳಿಸಿದೆ. ಆಹಾ, ಆ ಕಂಠ! ಹೊತ್ತೇರುವವರೆಗೂ ಅದೇ ಮಗ್ಗುಲನ್ನು ಮತ್ತೆ ಮತ್ತೆ ಹಾಕಿದೆ. ಅವರು ಬರುವಷ್ಟರಲ್ಲಿ ಸ್ನಾನವೂ ಮುಗಿಯಲೆಂದು ಬಚ್ಚಲಿಗೆ ಹೋಗಿ, ಕೇಳುತ್ತಾ ತಲೆಗೆ ಸೋಪು ಹಚ್ಚಿದೆ.

ಅಷ್ಟರಲ್ಲಿ ಮುಳ್ಳು ಸಿಕ್ಕಿಹಾಕಿಕೊಂಡಿತು. "ನೋ... ನೋ... ನೋ..." ಎಂದು ಗಾಯಕಿ ಒಂದೇ ಕಡೆ ನಿಂತು ನರಳತೊಡಗಿದಳು. ಗೀರು! ಕದಿರಪ್ಪನ ಮುಖ ಕಣ್ಮುಂದೆ ಬಂತು. ಕಣ್ಣಿಗಿಳಿದ ಸೋಪು ತೊಳೆದು, ತಡವರಿಸಿ ಟವಲು ಹುಡುಕಿ ಸುತ್ತಿಕೊಂಡು ಓಡುವಷ್ಟರಲ್ಲಿ ಬೀದಿಬಾಗಿಲನ್ನು ಯಾರೋ ದಬದಬ ಬಡಿದರು.

"ಬಾಗ್ಲು ತೆಗೀರೀ ಮೇಷ್ಟ್ರೇ! ನೋವು ನೋವು ಅಂತಾವಳೆ, ಕೇಳಿಸ್ತಿಲ್ವಾ?" ಪಕ್ಕದ ಮನೆ ಅಂಜಮ್ಮನ ದನಿ. "ದಿನ ತುಂಬೋ ಮುಂಚೇನೇ ಶುರುವಾಗದೆ! ಸೂಲಗಿತ್ತಿ ಮುತ್ಯಾಲಮ್ಮನ್ನ ಕರ್ಕೊಂಬಂದಿವ್ನಿ!"

ಹಾಡು ಹಾಕಿದ ಸುದ್ದಿ ಅತ್ತೆಗೆ ಮುಟ್ಟಿದರೆ ಗತಿಯೇನು? ಮುಳ್ಳು ಎತ್ತಿದೆ, ಗ್ರಾಮಫೋನಿನ ಮೇಲೆ ಕಂಬಳಿ ಎಸೆದೆ, ಬಾಗಿಲು ತೆಗೆದೆ. ಮುತ್ಯಾಲಮ್ಮ ನನ್ನನ್ನು ತಳ್ಳಿಕೊಂಡೇ ಒಳನುಗ್ಗಿದಳು. ಹಿಂದೆ ಬೀದಿಯ ಐದಾರು ಹೆಂಗಸರು.

"ಎಲ್ಲಪ್ಪಾ ಮಗಳು?"

"ಅವಳು... ಕುರುಡುಮಲೆಗೆ ಹೋಗಿದ್ದಾಳೆ."

ಎಲ್ಲರೂ ನನ್ನ ಒದ್ದೆ ಟವಲನ್ನೇ ನೋಡಿದರು.

"ಹಂಗಾದ್ರೆ," ಎಂದಳು ಅಂಜಮ್ಮ ನಿಧಾನವಾಗಿ, "ಒಳಗೆ ನರಳ್ತಿದ್ದೋಳು ಯಾರು?"

ಹನ್ನೊಂದು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದ ಮೇಷ್ಟ್ರ ಮಾನ ಹೊಸ್ತಿಲಲ್ಲಿ ನಿಂತು ಹೊರಡಲು ಅಪ್ಪಣೆ ಕೇಳುತ್ತಿತ್ತು. ಸರಿಯಾಗಿ ಆಗಲೇ ಜಟಕಾ ಬಂದು ನಿಂತಿತು. ಅಂಜಮ್ಮ ಗಾಡಿಯ ಹತ್ತಿರವೇ ಹೋಗಿ ವರದಿ ಒಪ್ಪಿಸಿದಳು.

"ಯಾರ್ರೀ ಅವಳು?" ಶ್ಯಾಮಲಳ ದನಿ ನಡುಗಿತು. ಅದು ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣು ತುಂಬಿತ್ತು.

ಇನ್ನು ಮುಚ್ಚಿಡುವುದೇನು ಬಂತು? ಕಂಬಳಿ ತೆಗೆದೆ. "ಇವಳೇ" ಎಂದೆ.

"ಹಾಕಿ, ನೋಡಾಣ" ಎಂದರು ಅತ್ತೆ, ನಂಬದೆ.

ಹಾಕಿದೆ. ಮುಳ್ಳು ಸಿಕ್ಕಿಕೊಂಡಲ್ಲಿ ಬೆರಳಿನಿಂದ ಮುಂದೆ ದಾಟಿಸಿದೆ. ನಿಂತಿದ್ದವರು ಒಬ್ಬೊಬ್ಬರಾಗಿ ಚಾಪೆಯ ಮೇಲೆ ಕುಳಿತರು. ಮುತ್ಯಾಲಮ್ಮ ಎಲೆಅಡಿಕೆ ಅಗಿಯುವುದನ್ನು ಬಿಟ್ಟಳು. ಹಾಡು ಮುಗಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಪಾಪಂ! ಯಾರು ಹೆತ್ತ ಮಗಳೋ, ಎಷ್ಟು ಸಂಕಟ ಪಟ್ಟವಳೆ."

"ನಿಮಗೆ ಅರ್ಥ ಆಯ್ತಾ ಅತ್ತೆ?" ಎಂದೆ ಹಿಗ್ಗಿ.

"ಇದಕ್ಕೆ ಭಾಷೆ ಯಾಕೆ ಬೇಕು? ಇವಳ ಗಂಡಾನೂ ನಮ್ಮ ಅಳಿಯಂದಿರಂಗೇ ಇರ್ಬೇಕು."

ಎಂಟು ಹೆಂಗಸರು ಒಟ್ಟಿಗೇ ನನ್ನತ್ತ ತಿರುಗಿ ತಲೆದೂಗಿದರು.

"ಇನ್ನೊಂದು ಮಗ್ಗುಲು ಹಾಕ್ರೀ," ಎಂದಳು ಶ್ಯಾಮಲ ಮೂಗೊರೆಸಿಕೊಂಡು, "ಹಾಕಿ ಒಳಗ್ಹೋಗಿ ಎಲ್ರಿಗೂ ಕಾಫಿ ಮಾಡಿ."

ಎರಡನೇ ಮಗ್ಗುಲನ್ನು ನಾನು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದೆ. ಸೌದೆ ಹಸಿ, ಬರೀ ಹೊಗೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಅಳದೆ ಉಳಿದವರು ಒಬ್ಬರೂ ಇರಲಿಲ್ಲ.